ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂತ ನಾಣ್ಯಕ್ಕೆ ಲಕ್ಷ ಲಕ್ಷ ಬೆಲೆಯೇ? ‘ಸ್ಲ್ಯಾಬ್’ನ ಅಸಲಿ ಕಥೆ

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಈ ಬಗೆಯ ಫೋಟೋ ಎಂದಾದರೂ ಬಂದಿರಬಹುದು. ಕ್ರೆಡಿಟ್ ಕಾರ್ಡ್ ಗಾತ್ರದ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್, ಅದರ ನಡುವೆ ಒಂದು ನಾಣ್ಯ, ಮೇಲ್ಗಡೆ ಚೀಟಿಯಲ್ಲಿ ಬಾರ್‌ಕೋಡ್, ಉದ್ದನೆಯ ನಂಬರ್, ‘ಎಂಎಸ್ 66’ ಎಂಬಂಥ ಏನೋ ಒಂದು ಗುರುತು. ಕೆಳಗೆ ಬರಹ: “ಈ ನಾಣ್ಯ ನಿಮ್ಮ ಮನೆಯಲ್ಲಿದ್ದರೆ ನೀವು ಲಕ್ಷಾಧಿಪತಿ, ಕೂಡಲೇ ಈ ನಂಬರಿಗೆ ವಾಟ್ಸಾಪ್ ಮಾಡಿ.”

ಫೋಟೋದಲ್ಲಿರುವ ಪೆಟ್ಟಿಗೆ ಎಷ್ಟೋ ಸಲ ನಿಜವಾದದ್ದೇ ಆಗಿರುತ್ತದೆ. ನಂಬರೂ ನಿಜವೇ. ಅದಕ್ಕೇ ಜನ ನಂಬುತ್ತಾರೆ. ಪೆಟ್ಟಿಗೆ, ಚೀಟಿ, ಅಂಕ ಎಲ್ಲ ಸೇರಿದಾಗ ಯಾವುದೋ ಸರ್ಕಾರಿ ಪ್ರಯೋಗಾಲಯದ ಮುದ್ರೆಯಂತೆ ಕಾಣುತ್ತದೆ. ಆದರೆ ಈ ಪೆಟ್ಟಿಗೆ ಹುಟ್ಟಿದ್ದು ಅಮೆರಿಕದಲ್ಲಿ, ಅಲ್ಲಿನ ನಾಣ್ಯ ವ್ಯಾಪಾರಿಗಳ ಜಗಳಗಳಿಂದ. ಅದು ಏನನ್ನು ಕಾಪಾಡುತ್ತದೆ, ಏನನ್ನು ಕಾಪಾಡುವುದಿಲ್ಲ ಎಂದು ತಿಳಿದುಕೊಂಡರೆ ಇಂಥ ಫಾರ್ವರ್ಡ್‌ಗಳ ಅರ್ಧ ಗುಟ್ಟು ಬಿಟ್ಟುಕೊಡುತ್ತದೆ. ಅಜ್ಜಿಯ ಕಾಲದ ನಾಣ್ಯ ನಿಮ್ಮ ಬೀರುವಿನಲ್ಲಿ ನಿಜಕ್ಕೂ ಇದ್ದರೆ ಅದನ್ನು ಹಾಳು ಮಾಡದೆ ಇಡುವುದು ಹೇಗೆ ಎಂಬುದೂ ಗೊತ್ತಾಗುತ್ತದೆ.

ಈ ಪೆಟ್ಟಿಗೆಗೆ ಸಂಗ್ರಾಹಕರ ಬಾಯಲ್ಲಿ ‘ಸ್ಲ್ಯಾಬ್’ ಎಂದು ಹೆಸರು. ನಾವೂ ಹಾಗೇ ಕರೆಯೋಣ.

ನಾಣ್ಯ ಹಾಳಾಗುವುದು ಯಾವುದರಿಂದ?

ಲೋಹದ ನಾಣ್ಯಕ್ಕೇಕೆ ಇಷ್ಟು ಭದ್ರತೆ ಎಂದು ಅನ್ನಿಸಬಹುದು. ಕಾಸು ಕೈಯಿಂದ ಕೈಗೆ ಓಡಾಡಲೆಂದೇ ಹುಟ್ಟಿದ್ದಲ್ಲವೇ? ನಿಜ. ಆದರೆ ಸಂಗ್ರಾಹಕರು ಬೆಲೆ ಕೊಡುವುದು ಟಂಕಸಾಲೆಯಿಂದ ಹೊರಬಂದಾಗಿನ ಮೇಲ್ಮೈಗೆ. ಅದು ಬಹಳ ಸೂಕ್ಷ್ಮ. ಬೆರಳಿನ ಬೆವರಿನಲ್ಲಿ ಉಪ್ಪು ಮತ್ತು ಆಮ್ಲ ಇರುತ್ತವೆ. ತಾಮ್ರದ ನಾಣ್ಯದ ಮೇಲೆ ಇವತ್ತು ಒತ್ತಿದ ಹೆಬ್ಬೆಟ್ಟು ಕೆಲವು ತಿಂಗಳ ನಂತರ ಕಂದು ಗುರುತಾಗಿ ಮೇಲೇಳುತ್ತದೆ, ಮತ್ತೆ ಹೋಗುವುದಿಲ್ಲ. ಬೆಳ್ಳಿಗೆ ಗಂಧಕ ಕಂಡರಾಗದು. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಸಾಕು, ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡ್‌ನ ತೆಳು ಪದರ ಕೂರುತ್ತದೆ. ಪದರ ತೀರಾ ತೆಳುವಾಗಿದ್ದಾಗ ಹಳದಿ, ಸ್ವಲ್ಪ ದಪ್ಪವಾದರೆ ನೇರಳೆ, ನೀಲಿ, ಕೊನೆಗೆ ಕಪ್ಪು. ನೀರಿನ ಮೇಲೆ ಬಿದ್ದ ಎಣ್ಣೆಯಲ್ಲಿ ಬಣ್ಣ ಕಾಣುವುದೂ ಇದೇ ತತ್ವದಿಂದ. ವಿಚಿತ್ರ ಎಂದರೆ ಈ ಬಣ್ಣಗಳು ಚೆಂದವಾಗಿ ಮೂಡಿದ ಬೆಳ್ಳಿ ಡಾಲರ್‌ಗಳಿಗೆ ಕೆಲವರು ಹೆಚ್ಚಿಗೆ ದುಡ್ಡು ಕೊಡುತ್ತಾರೆ.

ಯುರೋಪಿನ ಹಿಂದಿನ ಶ್ರೀಮಂತರು ನಾಣ್ಯಗಳನ್ನು ಮರದ ಡ್ರಾಯರ್‌ಗಳಲ್ಲಿ ಇಡುತ್ತಿದ್ದರು. ಅದರಲ್ಲೂ ಮರ ಆರಿಸಬೇಕಿತ್ತು. ಓಕ್ ಮರ ಆಮ್ಲದ ಆವಿ ಬಿಡುತ್ತದೆ, ಮಹಾಗನಿ ಅಷ್ಟು ತೊಂದರೆ ಕೊಡುವುದಿಲ್ಲ. ಅಮೆರಿಕದಲ್ಲಿ 1930ರ ದಶಕದಲ್ಲಿ ರಟ್ಟಿನ ಹಲಗೆಗಳು ಬಂದವು. ಇಸವಿವಾರು ತೂತು ಕೊರೆದ ಆ ಹಲಗೆಗೆ ಚಿಲ್ಲರೆಯಲ್ಲಿ ಸಿಕ್ಕ ಸೆಂಟ್‌ಗಳನ್ನು ಒತ್ತಿ ಕೂರಿಸುವುದು ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಮನೆಮನೆಯ ಹವ್ಯಾಸವಾಯಿತು. ಆದರೆ ಆ ಕಾಲದ ರಟ್ಟಿನಲ್ಲಿ ಗಂಧಕದ ಅಂಶ ಇರುತ್ತಿದ್ದುದರಿಂದ, ಜೋಪಾನ ಮಾಡಲೆಂದು ತಂದ ವಸ್ತುವೇ ನಾಣ್ಯದ ಬಣ್ಣ ಕೆಡಿಸಿತು.

ಆಮೇಲೆ ಬಂದದ್ದು ಇನ್ನೂ ಕೆಟ್ಟದ್ದು: ಮೆತ್ತನೆಯ ಪಿವಿಸಿ ಪಾಕೆಟ್. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ, ಏಕೆಂದರೆ ಇದು ನಮ್ಮ ಮನೆಗಳಲ್ಲಿ ಇವತ್ತಿಗೂ ಇದೆ. ಪಿವಿಸಿ ಸ್ವಭಾವತಃ ಗಟ್ಟಿ, ನೀರಿನ ಪೈಪ್ ನೋಡಿದ್ದೀರಲ್ಲ. ಅದನ್ನು ಬಾಗುವಂತೆ ಮಾಡಲು ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ವರ್ಷಗಳು ಕಳೆದಂತೆ ಅದು ಹೊರಗೆ ಜಿನುಗುತ್ತದೆ. ಬಿಸಿ, ಬೆಳಕು ತಗುಲಿದರೆ ಪಿವಿಸಿ ತಾನೂ ಒಡೆದು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಆ ಆಮ್ಲ ತಾಮ್ರದೊಡನೆ ಸೇರಿ ಹಸಿರು, ಅಂಟು ಅಂಟಾದ ಲೇಪ ಉಂಟುಮಾಡುತ್ತದೆ. ಬೆಳ್ಳಿ ನಾಣ್ಯಗಳಲ್ಲೂ ಗಟ್ಟಿತನಕ್ಕಾಗಿ ಸ್ವಲ್ಪ ತಾಮ್ರ ಬೆರೆಸಿರುವುದರಿಂದ ಅವೂ ಪಾರಾಗುವುದಿಲ್ಲ. ಬೇಗ ಗಮನಿಸಿದರೆ ಶುದ್ಧ ಅಸಿಟೋನ್‌ನಿಂದ ಆ ಲೇಪವನ್ನು ಕರಗಿಸಿ ತೆಗೆಯಬಹುದು (ಅದು ಬೆಂಕಿಗೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ, ಜೋಪಾನ. ಬಣ್ಣ, ಸುವಾಸನೆ ಬೆರೆಸಿದ ನೇಲ್ ಪಾಲಿಶ್ ರಿಮೂವರ್ ಇದಕ್ಕೆ ಆಗುವುದಿಲ್ಲ). ತಡವಾದರೆ ಆಮ್ಲ ಲೋಹವನ್ನೇ ತಿಂದು ಗುಳಿ ಬೀಳಿಸಿರುತ್ತದೆ. ಹೊಸ ರೇನ್‌ಕೋಟಿನ ವಾಸನೆ ಬರುವ, ಮೆತ್ತಗೆ ಬಾಗುವ ಪ್ಲಾಸ್ಟಿಕ್ ಚೀಲದಲ್ಲಿ ನಾಣ್ಯ ಇಟ್ಟಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಮೈಲಾರ್ ಎಂಬ ಹೆಸರಿನ ಪಾಲಿಯೆಸ್ಟರ್ ಹಾಳೆಯ ಹೋಲ್ಡರ್‌ಗಳಿಗೆ ಈ ರೋಗ ಇಲ್ಲ.

ಅಂಕಗಳು ಎಲ್ಲಿಂದ ಬಂದವು?

ಚೀಟಿಯ ಮೇಲಿನ 66, 67 ಎಂಬ ಅಂಕಗಳನ್ನು ನೂರಕ್ಕೆ ಕೊಟ್ಟ ಮಾರ್ಕ್ಸ್ ಎಂದು ಹಲವರು ಭಾವಿಸುತ್ತಾರೆ. ಇದರಲ್ಲಿ ಗರಿಷ್ಠ ಅಂಕ 70. ಯಾಕೆ 70 ಎಂಬುದಕ್ಕೆ ವಿಜ್ಞಾನದ ಕಾರಣ ಯಾವುದೂ ಇಲ್ಲ.

ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1949ರಲ್ಲಿ ತಮ್ಮ ದೇಶದ ಹಳೆಯ ದೊಡ್ಡ ತಾಮ್ರದ ಸೆಂಟ್‌ಗಳ ಬಗ್ಗೆ ಪುಸ್ತಕ ಬರೆದರು. ಸವೆದು ಸವೆದು ಗುರುತಷ್ಟೇ ಸಿಗುವ ನಾಣ್ಯಕ್ಕೆ 1, ಎಲ್ಲೂ ಕುಂದಿಲ್ಲದ ನಾಣ್ಯಕ್ಕೆ 70. ಆಗಿನ ಮಾರುಕಟ್ಟೆಯಲ್ಲಿ ಅತ್ಯುತ್ತಮ ಸೆಂಟ್‌ನ ಬೆಲೆ ಅತಿ ಕಳಪೆಯದರ ಸುಮಾರು 70 ಪಟ್ಟು ಇದೆ ಎಂಬುದು ಅವರ ಲೆಕ್ಕ. ಬೆಲೆಗಳ ಆ ಅನುಪಾತ ಕೆಲವೇ ವರ್ಷಗಳಲ್ಲಿ ಮುರಿದುಬಿತ್ತು, ಅಂಕಗಳು ಮಾತ್ರ ಉಳಿದುಕೊಂಡವು. ಬಳಕೆಗೇ ಬಾರದ, ಟಂಕಸಾಲೆಯಿಂದ ಬಂದಂತೆಯೇ ಇರುವ ನಾಣ್ಯಗಳಿಗೆ 60ರಿಂದ 70. ‘ಎಂಎಸ್’ ಎಂದರೆ ಆ ಟಂಕಸಾಲೆಯ ಸ್ಥಿತಿ.

ಇದೇ ಶೆಲ್ಡನ್ ತೀರಿಕೊಂಡ ಮೇಲೆ ಹೊರಬಿದ್ದ ಸಂಗತಿ ಕೇಳಿ. ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಉತ್ತಮ ಸೆಂಟ್‌ಗಳನ್ನು ಎತ್ತಿಕೊಂಡು, ಅದೇ ಬಗೆಯ ಕಳಪೆ ನಾಣ್ಯಗಳನ್ನು ಅವರು ಆ ಜಾಗದಲ್ಲಿ ಇಟ್ಟಿದ್ದರು. ಹಳೆಯ ಫೋಟೋಗಳೊಡನೆ ಹೋಲಿಸಿದಾಗ ಅದಲು ಬದಲು ಬಯಲಾಯಿತು, ವಿಷಯ ನ್ಯಾಯಾಲಯದವರೆಗೂ ಹೋಯಿತು. ನಾಣ್ಯ ಲೋಕದ ದೊಡ್ಡ ತಲೆನೋವು ಇದರಲ್ಲೇ ಇದೆ. ಒಂದೇ ಅಚ್ಚಿನ ಎರಡು ನಾಣ್ಯಗಳನ್ನು ಅದಲು ಬದಲು ಮಾಡುವುದು ಬಲು ಸುಲಭ.

ಕಾಗದದಿಂದ ಪೆಟ್ಟಿಗೆಗೆ

1970ರ ದಶಕದಲ್ಲಿ ಅಮೆರಿಕದ ನಾಣ್ಯ ವ್ಯಾಪಾರದಲ್ಲಿ ಒಂದು ಹಳೆಯ ದೂರು ಜೋರಾಯಿತು. ಅಂಗಡಿಯವನು ಮಾರುವಾಗ “ಇದು 65” ಅನ್ನುತ್ತಾನೆ, ಅದೇ ನಾಣ್ಯವನ್ನು ಮರುವರ್ಷ ಅವನಿಗೇ ಮಾರಲು ಹೋದರೆ “ಇದು 63 ಅಷ್ಟೇ” ಅನ್ನುತ್ತಾನೆ. ಮಾರುವವನೇ ಅಂಕ ಕೊಟ್ಟರೆ ಇನ್ನೇನಾದೀತು? ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ 1972ರಲ್ಲಿ ಅಸಲಿ ನಕಲಿ ಪರೀಕ್ಷೆಯ ಸೇವೆ ಶುರುಮಾಡಿತ್ತು. 1979ರಿಂದ ಅದು ಅಂಕವನ್ನೂ ಬರೆದು, ನಾಣ್ಯದ ಫೋಟೋ ಇರುವ ಕಾಗದದ ಪ್ರಮಾಣಪತ್ರ ಕೊಡತೊಡಗಿತು.

ಒಳ್ಳೆಯ ಉಪಾಯವೇ. ಆದರೆ ನಾಣ್ಯ ಒಂದು ಕಡೆ, ಕಾಗದ ಇನ್ನೊಂದು ಕಡೆ. ಪ್ರಮಾಣಪತ್ರ ಇಟ್ಟುಕೊಂಡು ಬೇರೆ ನಾಣ್ಯ ಕೊಟ್ಟರೆ, ಫೋಟೋ ಜೊತೆ ಕಣ್ಣಿಟ್ಟು ಹೋಲಿಸಬಲ್ಲವರು ಎಷ್ಟು ಜನ? ಪ್ರಮಾಣಪತ್ರ ಸಿಕ್ಕಿದ ಮೇಲೂ ನಾಣ್ಯ ಕೈಜಾರಿ ಬಿದ್ದು ಗೀರು ಬೀಳಬಹುದು, ಕಾಗದದಲ್ಲಿ ಮಾತ್ರ ಹಳೆಯ ಅಂಕವೇ ಇರುತ್ತದೆ.

ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ನಾಣ್ಯ ಸೀಲ್ ಮಾಡುವುದು ಅಷ್ಟರಲ್ಲಿ ಹೊಸತೇನೂ ಆಗಿರಲಿಲ್ಲ. ಅಮೆರಿಕ ಸರ್ಕಾರದ ಖಜಾನೆಯಲ್ಲಿ ಉಳಿದುಹೋಗಿದ್ದ ಸುಮಾರು 29 ಲಕ್ಷ ಹಳೆಯ ಬೆಳ್ಳಿ ಡಾಲರ್‌ಗಳನ್ನು 1972ರಿಂದ 1980ರವರೆಗೆ ಜನರಿಗೆ ಮಾರಿದಾಗ, ಅವುಗಳಲ್ಲಿ ಬಹುಪಾಲನ್ನು ಪ್ಲಾಸ್ಟಿಕ್ ಹೋಲ್ಡರ್‌ನಲ್ಲಿಟ್ಟೇ ಕೊಟ್ಟಿದ್ದರು. ಅದರಲ್ಲಿ ಅಂಕ ಇರಲಿಲ್ಲ ಅಷ್ಟೇ. ಅಂಕವನ್ನೂ ನಾಣ್ಯವನ್ನೂ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿ ಅದನ್ನು ದೊಡ್ಡ ವ್ಯಾಪಾರವಾಗಿ ಬೆಳೆಸಿದ್ದು ಪಿಸಿಜಿಎಸ್ ಎಂಬ ಕಂಪನಿ. ಡೇವಿಡ್ ಹಾಲ್ ಮತ್ತು ಇತರ ಕೆಲವು ವ್ಯಾಪಾರಿಗಳು ಸೇರಿ ಕಟ್ಟಿದ ಈ ಕಂಪನಿ 1986ರಲ್ಲಿ ಕೆಲಸ ಶುರುಮಾಡಿತು. ಮರುವರ್ಷವೇ ಎನ್‌ಜಿಸಿ ಎಂಬ ಇನ್ನೊಂದು ಕಂಪನಿ ಬಂತು. ಇವತ್ತಿಗೂ ಈ ವ್ಯಾಪಾರದಲ್ಲಿ ಎಲ್ಲಕ್ಕಿಂತ ದೊಡ್ಡ ಹೆಸರುಗಳು ಇವೆರಡೇ.

ಪಿಸಿಜಿಎಸ್ ಜೊತೆ ಒಪ್ಪಂದ ಮಾಡಿಕೊಂಡ ವ್ಯಾಪಾರಿಗಳು ಅದರ ಸ್ಲ್ಯಾಬಿನಲ್ಲಿರುವ ನಾಣ್ಯವನ್ನು ಕಣ್ಣಲ್ಲಿ ನೋಡದೆಯೇ, ಅಂಕದ ಮೇಲೆ ಬೆಲೆ ಕಟ್ಟಿ ಕೊಳ್ಳುವುದಾಗಿ ಒಪ್ಪಿದ್ದರು. ಹೀಗಾಗಿ ನಾಣ್ಯ ಷೇರಿನಂತೆ ಕೈಬದಲಾಯಿಸಿತು. ವಾಲ್‌ಸ್ಟ್ರೀಟ್ ಹಣ ನುಗ್ಗಿತು, 1989ರಲ್ಲಿ ಬೆಲೆಗಳು ಮುಗಿಲು ಮುಟ್ಟಿ ನಂತರ ಧೊಪ್ಪನೆ ಬಿದ್ದವು. 1990ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಅಂಕ ನೀಡಿಕೆ ವಸ್ತುನಿಷ್ಠ ಮತ್ತು ಸ್ಥಿರ ಎಂಬಂತೆ ಕಂಪನಿ ಜಾಹೀರಾತು ಮಾಡುತ್ತಿದೆ ಎಂದು ಆಕ್ಷೇಪ ಎತ್ತಿ, ಆ ವಿಷಯದಲ್ಲಿ ಕಂಪನಿ ರಾಜಿಗೆ ಬರಬೇಕಾಯಿತು. ಫಾರ್ವರ್ಡ್ ನೋಡಿ ‘ಪ್ರಯೋಗಾಲಯದ ಸರ್ಟಿಫಿಕೇಟ್’ ಎಂದು ನಂಬುವವರು ನೆನಪಿಡಬೇಕಾದ ಸಂಗತಿ ಇದು. ಆ ಅಂಕ ಅನುಭವಿಗಳ ಅಭಿಪ್ರಾಯ. ಒಬ್ಬರಿಗಿಂತ ಹೆಚ್ಚು ತಜ್ಞರು, ನಾಣ್ಯ ಯಾರದೆಂದು ತಿಳಿಯದೆ, ಬೇರೆ ಬೇರೆಯಾಗಿ ನೋಡಿ ಕೊಟ್ಟ ಅಭಿಪ್ರಾಯ ಎಂಬುದು ಅದರ ಬಲ. ಆದರೂ ಥರ್ಮಾಮೀಟರ್‌ನಂಥ ಅಳತೆ ಅಲ್ಲ. ಸ್ಲ್ಯಾಬ್ ಒಡೆದು, ನಾಣ್ಯವನ್ನು ಮತ್ತೆ ಅದೇ ಕಂಪನಿಗೆ ಕಳಿಸಿ, ಈ ಬಾರಿ ಒಂದಂಕ ಹೆಚ್ಚು ಬರಲಿ ಎಂದು ಕಾಯುವ ವ್ಯಾಪಾರಿಗಳಿದ್ದಾರೆ, ಕೆಲವೊಮ್ಮೆ ಹೆಚ್ಚು ಬರುವುದೂ ಉಂಟು.

ಪೆಟ್ಟಿಗೆಯ ಒಳಗೇನಿದೆ?

ನೋಡಲು ಸರಳ. ಎರಡು ಪಾರದರ್ಶಕ ಚಿಪ್ಪು, ನಡುವೆ ನಾಣ್ಯದ ಅಂಚನ್ನು ಹಿಡಿದಿಡುವ ಬಳೆಯಂಥ ಒಳಪದರ, ತಲೆಯ ಕಡೆ ಚೀಟಿ. ನಾಣ್ಯದ ಎರಡೂ ಮುಖಗಳಿಗೆ ಪ್ಲಾಸ್ಟಿಕ್ ತಾಗಬಾರದು, ಹಿಡಿತವೆಲ್ಲ ಅಂಚಿನಲ್ಲೇ ಇರಬೇಕು ಎಂಬುದು ಮೂಲ ನಿಯಮ. ಪಿಸಿಜಿಎಸ್‌ನ ಮೊದಲ ಸ್ಲ್ಯಾಬ್‌ಗಳಲ್ಲಿ ಈ ಹಿಡಿತ ಸಡಿಲವಾಗಿತ್ತು, ಅಲ್ಲಾಡಿಸಿದರೆ ನಾಣ್ಯ ಗಿಲಗಿಲ ಎನ್ನುತ್ತಿತ್ತು. ಅವಕ್ಕೆ ‘ರ‍್ಯಾಟ್ಲರ್’ ಎಂದೇ ಅಡ್ಡಹೆಸರು. ತಮಾಷೆಯೆಂದರೆ, ಆ ಕಾಲದಲ್ಲಿ ಅಂಕ ಕೊಡುವಾಗ ಬಿಗಿಯಾಗಿದ್ದರು ಎಂಬ ನಂಬಿಕೆಯಿಂದ ಈಗ ರ‍್ಯಾಟ್ಲರ್ ಸ್ಲ್ಯಾಬಿನ ನಾಣ್ಯಕ್ಕೆ ಹೆಚ್ಚು ಬೆಲೆ. ಎನ್‌ಜಿಸಿ ಮೊದಮೊದಲು ಕಪ್ಪು ಒಳಪದರ ಬಳಸಿ ಬೇಗನೆ ಬಿಳಿಗೆ ಬದಲಾಯಿತು. ಉಳಿದಿರುವ ಆ ಕಪ್ಪು ಪೆಟ್ಟಿಗೆಗಳು ಅಪರೂಪ, ಅವನ್ನೇ ಹುಡುಕಿ ಕೊಳ್ಳುವವರಿದ್ದಾರೆ. ನಾಣ್ಯ ಬಿಟ್ಟು ಡಬ್ಬಿಗೆ ಮರುಳಾಗುವುದು ಎಂದರೆ ಇದೇ ಇರಬೇಕು!

ಬಿಳಿ ಬಳೆಯಂಥ ಪದರದಿಂದ ನಾಣ್ಯದ ಅಂಚು ಮುಚ್ಚಿಹೋಗುತ್ತದೆ. ಅಂಚಿನ ಮೇಲೇ ಅಕ್ಷರಗಳಿರುವ ನಾಣ್ಯಗಳಿಗೆ ಇದು ಕೊರತೆ. ಅದಕ್ಕಾಗಿ ನಂತರದ ವಿನ್ಯಾಸಗಳಲ್ಲಿ ಪೂರ್ತಿ ಬಳೆಯ ಬದಲು ಮೂರ್ನಾಲ್ಕು ಚಿಕ್ಕ ಕೊಂಡಿಗಳ ಮೇಲೆ ನಾಣ್ಯ ನಿಲ್ಲಿಸುವ ಏರ್ಪಾಡು ಬಂತು. ಚಿಪ್ಪಿನ ಹೊರಗಿನ ಅಂಚು ಸ್ವಲ್ಪ ಉಬ್ಬಿರುತ್ತದೆ. ಒಂದರ ಮೇಲೊಂದು ಪೇರಿಸಿದಾಗ ಜಾರಬಾರದು, ಕಿಟಕಿಯ ಭಾಗಕ್ಕೆ ಗೀರು ಬೀಳಬಾರದು ಎಂಬುದು ಉದ್ದೇಶ.

ಎರಡು ಚಿಪ್ಪುಗಳನ್ನು ಸಾಮಾನ್ಯವಾಗಿ ಗೋಂದಿನಿಂದ ಅಂಟಿಸುವುದಿಲ್ಲ, ಏಕೆಂದರೆ ಗೋಂದಿನ ಆವಿಯೂ ನಾಣ್ಯಕ್ಕೆ ಕೆಡುಕು. ಬದಲಿಗೆ ಕಿವಿಗೆ ಕೇಳಿಸದಷ್ಟು ವೇಗದ, ಸೆಕೆಂಡಿಗೆ 20 ಸಾವಿರ ಸಲದ ಆಸುಪಾಸಿನ ಕಂಪನವನ್ನು ಅಂಚಿಗೆ ಕೊಡುತ್ತಾರೆ. ಚಿಪ್ಪಿನ ಸುತ್ತ ಇರುವ ಸಣ್ಣ ಏಣು ಆ ಉಜ್ಜಾಟಕ್ಕೆ ಕ್ಷಣದಲ್ಲಿ ಕರಗಿ ಎರಡೂ ಒಂದಾಗುತ್ತವೆ. ಬಿಸಿ ಅಂಚಿನಲ್ಲಷ್ಟೇ, ನಡುವಿನ ನಾಣ್ಯಕ್ಕೆ ತಾಗುವುದಿಲ್ಲ. ಇಂಥ ಬೆಸುಗೆಯನ್ನು ಬಿಡಿಸಬೇಕಾದರೆ ಪ್ಲಾಸ್ಟಿಕ್ ಬಿರಿಯಲೇಬೇಕು ಅಥವಾ ಅಂಚು ಬೆಳ್ಳಗೆ ಸೀಳಲೇಬೇಕು. ಯಾರೋ ತೆರೆದಿದ್ದಾರೆ ಎಂದು ಗೊತ್ತಾಗಲಿ ಎಂಬುದೇ ಇದರ ಗುರಿ. ಬ್ಯಾಂಕ್ ಲಾಕರಿನಷ್ಟು ಬಲವೇನೂ ಇದಕ್ಕಿಲ್ಲ, ಸುತ್ತಿಗೆಯ ಒಂದೇಟು ಸಾಕು.

ಗಾಳಿ ಆಡದ ಡಬ್ಬಿಯೂ ಇದಲ್ಲ. ಸ್ಲ್ಯಾಬ್ ಗಾಳಿಬಿಗಿಯಲ್ಲ ಎಂದು ಕಂಪನಿಗಳೇ ಹೇಳುತ್ತವೆ. ತೇವವೂ ಗಂಧಕದ ಆವಿಯೂ ನಿಧಾನವಾಗಿಯಾದರೂ ಒಳಹೊಗುತ್ತವೆ. ತಾಮ್ರದ ನಾಣ್ಯ ಸ್ಲ್ಯಾಬಿನೊಳಗೇ ಬಣ್ಣ ಬದಲಾಯಿಸಬಹುದು, ಆ ಬದಲಾವಣೆಗೆ ಪಿಸಿಜಿಎಸ್ 2010ರಿಂದ ಖಾತರಿ ಕೊಡುವುದನ್ನು ನಿಲ್ಲಿಸಿದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಸ್ಲ್ಯಾಬಿಗೂ ಪಕ್ಕದಲ್ಲೊಂದು ಸಿಲಿಕಾ ಜೆಲ್ ಪೊಟ್ಟಣ ಬೇಕು.

ನಕಲಿ ಪೆಟ್ಟಿಗೆ

ಪೆಟ್ಟಿಗೆಯ ಮೇಲೆ ನಂಬಿಕೆ ಬೆಳೆದ ಮೇಲೆ ಪೆಟ್ಟಿಗೆಯನ್ನೇ ನಕಲು ಮಾಡುವವರು ಬಂದರು. 2008ರ ಸುಮಾರಿಗೆ ಚೀನಾದಲ್ಲಿ ತಯಾರಾದ ನಕಲಿ ಸ್ಲ್ಯಾಬ್‌ಗಳ ಬಗ್ಗೆ ಎರಡೂ ಕಂಪನಿಗಳು ಎಚ್ಚರಿಕೆ ಕೊಟ್ಟವು. ಹೊರಗೆ ಅಸಲಿಯಂಥದೇ ಪ್ಲಾಸ್ಟಿಕ್, ಒಳಗೆ ಖೋಟಾ ನಾಣ್ಯ, ಚೀಟಿಯ ಮೇಲೆ ಯಾವುದೋ ಅಸಲಿ ನಾಣ್ಯದಿಂದ ಕದ್ದ ನಂಬರ್. ಆ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿದರೆ ಸರಿಯಾದ ವಿವರವೇ ಬರುತ್ತದೆ! ಇದಕ್ಕೆ ಉತ್ತರವಾಗಿ ಹಾಲೋಗ್ರಾಮ್, ಪ್ರತಿ ನಾಣ್ಯದ ಫೋಟೋ ದಾಖಲೆ, ಈಚೆಗೆ ಕೆಲವು ಸ್ಲ್ಯಾಬ್‌ಗಳೊಳಗೆ ಮೊಬೈಲ್ ತಾಗಿಸಿ ಓದುವ ಎನ್‌ಎಫ್‌ಸಿ ಚಿಪ್ ಬಂದಿವೆ.

ಹಾಗಾಗಿ ನಂಬರ್ ಸರಿಯಿದೆಯೇ ಎಂದು ನೋಡಿ ಅಲ್ಲಿಗೇ ಬಿಡಬೇಡಿ. ದಾಖಲೆಯಲ್ಲಿ ಫೋಟೋ ಇದ್ದರೆ, ಕೈಯಲ್ಲಿರುವ ನಾಣ್ಯದ ಗೀರು, ಚುಕ್ಕೆ, ಕಲೆಗಳು ಅದಕ್ಕೆ ಹೊಂದುತ್ತವೆಯೇ ನೋಡಿ. ಚೀಟಿಯ ಮೇಲಿನ ಕ್ಯೂಆರ್ ಕೋಡ್ ನಂಬಿ ಹೋಗುವ ಬದಲು ಕಂಪನಿಯ ವಿಳಾಸವನ್ನು ನೀವೇ ಟೈಪ್ ಮಾಡಿ. ನಕಲಿ ಚೀಟಿ ಅಚ್ಚು ಹಾಕುವವನಿಗೆ ನಕಲಿ ಜಾಲತಾಣ ಮಾಡುವುದು ಕಷ್ಟವಲ್ಲ. ಹೆಸರೇ ಕೇಳದ ಕಂಪನಿಯ ಸ್ಲ್ಯಾಬಿನಲ್ಲಿ ‘70’ ಎಂದಿದ್ದರೆ ಅದನ್ನು ಮರೆತುಬಿಡಿ. ಖಾಲಿ ಪೆಟ್ಟಿಗೆ, ಪ್ರಿಂಟರ್ ಇದ್ದರೆ ಯಾರು ಬೇಕಾದರೂ 70 ಬರೆಯಬಹುದು.

ಹಾಗಾದರೆ ಆ ಫಾರ್ವರ್ಡ್?

1794ರ ಒಂದು ಅಮೆರಿಕನ್ ಬೆಳ್ಳಿ ಡಾಲರ್ 2013ರಲ್ಲಿ ಹರಾಜಿನಲ್ಲಿ ಒಂದು ಕೋಟಿ ಡಾಲರ್‌ಗಿಂತ ಸ್ವಲ್ಪ ಹೆಚ್ಚಿಗೆ ಹೋಯಿತು. ಪಿಸಿಜಿಎಸ್ ಅದಕ್ಕೆ ಕೊಟ್ಟಿದ್ದ ಅಂಕ 66. ಆ ಬೆಲೆ ಬಂದದ್ದು ಅಂಥ ಇನ್ನೊಂದು ನಾಣ್ಯ ಸಿಗುವುದಿಲ್ಲವೆಂದು. ಸ್ಲ್ಯಾಬ್ ಅದನ್ನು ದೃಢಪಡಿಸಿತಷ್ಟೇ. ನಮ್ಮಲ್ಲಿ ಓಡಾಡುವ ಸಂದೇಶಗಳು ಈ ಸಂಬಂಧವನ್ನು ಉಲ್ಟಾ ಮಾಡುತ್ತವೆ. ವೈಷ್ಣೋದೇವಿ ಚಿತ್ರವಿರುವ 5 ಅಥವಾ 10 ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಎನ್ನುವ ಸಂದೇಶ ನಿಮಗೂ ಬಂದಿರಬಹುದು. ಅದು ಜನರ ಚಲಾವಣೆಗೆಂದೇ ಬಿಟ್ಟ ಸ್ಮಾರಕ ನಾಣ್ಯ. ಅದನ್ನು ಸ್ಲ್ಯಾಬಿನಲ್ಲಿ ಕೂರಿಸಿದರೂ ಅಪರೂಪ ಆಗುವುದಿಲ್ಲ. ಇಸವಿಯ ಕೆಳಗೆ ವಜ್ರ, ನಕ್ಷತ್ರ, ಚುಕ್ಕೆ ಇದ್ದರೆ ಬಂಗಾರ ಎನ್ನುವ ಸಂದೇಶಗಳೂ ಇವೆ. ಅವು ಕ್ರಮವಾಗಿ ಮುಂಬೈ, ಹೈದರಾಬಾದ್, ನೋಯ್ಡಾ ಟಂಕಸಾಲೆಗಳ ಗುರುತು. ಕೋಲ್ಕತ್ತಾದ್ದಕ್ಕೆ ಗುರುತೇ ಇಲ್ಲ. ನಿಮ್ಮ ಜೇಬಿನ ಚಿಲ್ಲರೆಯಲ್ಲೂ ಇವೆ, ನೋಡಿಕೊಳ್ಳಿ.

ವಂಚನೆ ನಡೆಯುವುದು ಮುಂದಿನ ಹಂತದಲ್ಲಿ. ನೀವು ಫೋಟೋ ಕಳಿಸುತ್ತೀರಿ, ಅವರು ದೊಡ್ಡ ಬೆಲೆ ಒಪ್ಪುತ್ತಾರೆ, ಆಮೇಲೆ ನೋಂದಣಿ ಶುಲ್ಕ, ಜಿಎಸ್‌ಟಿ, ಆರ್‌ಬಿಐ ಅನುಮತಿ, ‘ಗ್ರೇಡಿಂಗ್ ಚಾರ್ಜ್’ ಎಂದು ಕಂತು ಕಂತಾಗಿ ಹಣ ಕೇಳುತ್ತಾರೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಇದರ ಬಗ್ಗೆ ಎಚ್ಚರಿಸಿದೆ. ಹಳೆಯ ನೋಟು, ನಾಣ್ಯಗಳ ಇಂಥ ವ್ಯವಹಾರದಲ್ಲಿ ತಾನಿಲ್ಲ, ತನ್ನ ಹೆಸರಿನಲ್ಲಿ ಶುಲ್ಕ ಅಥವಾ ಕಮಿಷನ್ ವಸೂಲಿಗೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಅದು ಹೇಳಿದೆ. ಹಣ ಕಳಿಸಿಬಿಟ್ಟಿದ್ದರೆ ನಾಚಿಕೆ ಪಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಮನೆಯಲ್ಲಿ ನಿಜವಾಗಿಯೂ ಹಳೆಯದು ಇದ್ದರೆ ಮೊದಲ ಕೆಲಸ: ತೊಳೆಯಬೇಡಿ. ಹುಣಸೆಹಣ್ಣು ಹಚ್ಚಿದರೆ ತಾಮ್ರದ ಚೊಂಬು ಫಳಫಳ ಹೊಳೆಯುತ್ತದೆ, ಬೆಳ್ಳಿ ದೀಪಕ್ಕೆ ವಿಭೂತಿ ಒಳ್ಳೆಯದೇ. ನಾಣ್ಯಕ್ಕೆ ಮಾತ್ರ ಅವೆರಡೂ ಬೇಡ. ಹುಣಸೆಯ ಆಮ್ಲ ಕಿಲುಬಿನ ಜೊತೆ ಮೇಲ್ಮೈಯನ್ನೂ ಒಯ್ಯುತ್ತದೆ, ಪುಡಿ ತಿಕ್ಕಿದರೆ ಕೂದಲೆಳೆಯಂಥ ಸಾವಿರ ಗೀರುಗಳು ಬೀಳುತ್ತವೆ. ತಜ್ಞರ ಕಣ್ಣಿಗೆ ಅದು ಕೂಡಲೇ ಬೀಳುತ್ತದೆ. ಅಂಥ ನಾಣ್ಯಕ್ಕೆ ಕಂಪನಿಗಳು ಅಂಕ ಕೊಡುವುದೇ ಇಲ್ಲ, ‘ಶುಚಿಗೊಳಿಸಲಾಗಿದೆ’ ಎಂದು ಚೀಟಿಯಲ್ಲಿ ಬರೆದು ಬಿಡುತ್ತವೆ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರಲ್ಲಿ ಗಂಧಕ ಇದೆ. ಹಿಡಿಯುವಾಗ ಅಂಚಿನಲ್ಲಿ ಹಿಡಿಯಿರಿ.

ಅಮೆರಿಕಕ್ಕೆ ಕಳಿಸಿ ಅಂಕ ಹಾಕಿಸಬೇಕೇ ಎಂದು ಕೇಳುವವರಿಗೆ: ಶುಲ್ಕ, ವಿಮೆ, ಸಾಗಣೆ ಸೇರಿದರೆ ಸಾಧಾರಣ ನಾಣ್ಯದ ಬೆಲೆಗಿಂತ ಖರ್ಚೇ ಹೆಚ್ಚು. ಕಾನೂನಿನ ತೊಡಕೂ ಇದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು, ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ, ಮೈಸೂರು ಅರಸರ ಆನೆ ಕಾಸು ಎರಡೂ ಈ ಲೆಕ್ಕಕ್ಕೆ ಬರುತ್ತವೆ. “ನಾವೇ ಕೊರಿಯರ್‌ನಲ್ಲಿ ಅಮೆರಿಕಕ್ಕೆ ಕಳಿಸಿ ಸ್ಲ್ಯಾಬ್ ಮಾಡಿಸಿ ತರುತ್ತೇವೆ, ಮೊದಲು ನಾಣ್ಯ ಕೊಡಿ” ಎನ್ನುವವರ ಕೈಗೆ ಅಂಥದ್ದನ್ನು ಕೊಟ್ಟರೆ, ನಾಣ್ಯವೂ ಹೋಗಬಹುದು, ಕಾನೂನಿನ ಪ್ರಶ್ನೆಯೂ ನಿಮ್ಮ ಮನೆ ಬಾಗಿಲಿಗೇ ಬರಬಹುದು.